ವಿಂಡೋಸ್ ಇಲ್ಲದೇ ವಿಂಡೋಸ್ ಸಾಫ್ಟ್‌ವೇರ್: ನಿಮ್ಮ ಇಎಕ್ಸ್‌ಇ ಫೈಲ್ ಹುಟ್ಟಿದ್ದು ಎಲ್ಲಿ?

 

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಮನೆಯ ಹಳೇ ಡೆಸ್ಕ್‌ಟಾಪ್, ಕಾಲೇಜಿನ ಲ್ಯಾಬ್, ಮದುವೆ ವಿಡಿಯೊ ಎಡಿಟ್ ಮಾಡೋ ಸ್ಟುಡಿಯೊ, ಎಲ್ಲಿಗೆ ಹೋದ್ರೂ ಸ್ಕ್ರೀನ್ ಮೇಲೆ ಕಿತ್ತಳೆ ಬಣ್ಣದ ಒಂದು ಟ್ರಾಫಿಕ್ ಕೋನ್ ಕಾಣುತ್ತೆ. ವಿಎಲ್‌ಸಿ ಪ್ಲೇಯರ್. ವಿಂಡೋಸ್ ಮೇಲೆ ಓಡೋ ಈ ವಿಎಲ್‌ಸಿ ತಯಾರಾಗೋದು ಯಾವ ಕಂಪ್ಯೂಟರ್ ಮೇಲೆ?

ವಿಂಡೋಸ್ ಮೇಲೆ ಅಂದ್ರಾ? ಅಲ್ಲ. ಲಿನಕ್ಸ್ ಮೇಲೆ.

ಪ್ಯಾರಿಸ್‌ನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಇದು. 2001ರಲ್ಲಿ ಜಿಪಿಎಲ್ ಲೈಸೆನ್ಸ್ ಅಡಿ ಓಪನ್ ಸೋರ್ಸ್ ಆಯ್ತು. ಇದನ್ನ ನೋಡ್ಕೊಳ್ಳೋ ವಿಡಿಯೊಲ್ಯಾನ್ ತಂಡ ಲಿನಕ್ಸ್ ಮೆಷಿನ್ ಮೇಲೆ ಕೂತು ವಿಂಡೋಸ್‌ಗೆ ಬೇಕಾದ ಇಎಕ್ಸ್‌ಇ ಫೈಲ್ ತಯಾರಿಸುತ್ತೆ. ಒಂದು ಸಿಸ್ಟಂ ಮೇಲೆ ಕೂತು ಇನ್ನೊಂದು ಸಿಸ್ಟಂಗೆ ಸಾಫ್ಟ್‌ವೇರ್ ಕಟ್ಟೋ ಈ ಕೆಲಸಕ್ಕೆ ಕ್ರಾಸ್ ಕಂಪೈಲ್ ಅಂತಾರೆ. ಇವತ್ತಿನ ಸಂಚಿಕೆ ಇದರ ಬಗ್ಗೆನೇ.

"ನಾನೇನು ಡೆವಲಪರ್ ಅಲ್ಲ, ನನಗ್ಯಾಕೆ ಇದು?" ಅಂತ ಅನಿಸಬಹುದು. ನಾನೂ ಬಿಕಾಂ ಓದಿದ್ದು, ಕಂಪ್ಯೂಟರ್ ಸೈನ್ಸ್ ಅಲ್ಲ. ಆದ್ರೆ ನೀವು ಡೌನ್‌ಲೋಡ್ ಮಾಡಿ ಡಬಲ್ ಕ್ಲಿಕ್ ಮಾಡೋ ಫೈಲನ್ನ ಯಾರು, ಎಲ್ಲಿ, ಹೇಗೆ ಮಾಡಿದ್ರು ಅನ್ನೋದು ನಿಮ್ಮ ಫೋಟೊ, ಪಾಸ್‌ವರ್ಡ್, ಬ್ಯಾಂಕ್ ಖಾತೆಗೆ ಸಂಬಂಧಪಟ್ಟ ವಿಷಯ. ಕೊನೇವರೆಗೂ ಜೊತೆಗಿರಿ, ಯಾಕೆ ಅಂತ ಗೊತ್ತಾಗುತ್ತೆ.

ಸೋರ್ಸ್ ಕೋಡ್ ಬೇರೆ, ಇಎಕ್ಸ್‌ಇ ಬೇರೆ

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳೋಣ. ಪ್ರೋಗ್ರಾಮರ್ ಬರೆಯೋದು ಮನುಷ್ಯರು ಓದಬಹುದಾದ ಪಠ್ಯ. ಅದು ಸೋರ್ಸ್ ಕೋಡ್. ಪ್ರೊಸೆಸರ್‌ಗೆ ಅದು ಅರ್ಥ ಆಗಲ್ಲ, ಅದಕ್ಕೆ ಬೇಕಾಗಿರೋದು ಬರೀ ಅಂಕಿಗಳ ಸಾಲು. ಪಠ್ಯವನ್ನ ಅಂಕಿಯಾಗಿಸೋ ಸಾಫ್ಟ್‌ವೇರೇ ಕಂಪೈಲರ್. ಓಪನ್ ಸೋರ್ಸ್ ಲೋಕದ ಹೆಸರಾಂತ ಕಂಪೈಲರ್ ಜಿಸಿಸಿ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಅದರ ಮೊದಲ ಆವೃತ್ತಿ ಬಿಡುಗಡೆ ಮಾಡಿದ್ರು.

ಓಪನ್ ಸೋರ್ಸ್ ಅಂದ್ರೆ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ ಅಂತ ಅರ್ಥ. ಆದ್ರೆ ನಾವು ನೀವು ಬಳಸೋದು ಅದನ್ನ ಕಂಪೈಲ್ ಮಾಡಿದ ಮೇಲೆ ಬರೋ ಫೈಲನ್ನ. ಅದು ಮುಚ್ಚಿದ ಡಬ್ಬಿ. ನೋಟ್‌ಪ್ಯಾಡಲ್ಲಿ ತೆರೆದ್ರೆ ಚಿತ್ರವಿಚಿತ್ರ ಅಕ್ಷರ ಬಿಟ್ಟು ಏನೂ ಕಾಣಲ್ಲ.

ಇದಕ್ಕೆ ಒಳ್ಳೇ ಉದಾಹರಣೆ ಎಫ್‌ಎಫ್‌ಎಂಪೆಗ್. ಈ ಪಾಡ್‌ಕಾಸ್ಟಿನ ಆಡಿಯೊ ಕತ್ತರಿಸೋಕೆ, ಸೌಂಡ್ ಸಮ ಮಾಡೋಕೆ ನಾನು ಬಳಸೋದು ಇದನ್ನೇ. ಫ್ಯಾಬ್ರಿಸ್ ಬೆಲ್ಲಾರ್ ಅನ್ನೋ ಫ್ರೆಂಚ್ ಪ್ರೋಗ್ರಾಮರ್ 2000ನೇ ಇಸವಿಯಲ್ಲಿ ಶುರು ಮಾಡಿದ್ದು. ಈ ತಂಡ ಅಧಿಕೃತವಾಗಿ ಕೊಡೋದು ಸೋರ್ಸ್ ಕೋಡ್ ಮಾತ್ರ. ವಿಂಡೋಸ್‌ಗೆ ರೆಡಿ ಫೈಲ್ ಬೇಕು ಅಂದ್ರೆ, ಬೇರೆ ಸ್ವಯಂಸೇವಕರು ಕಂಪೈಲ್ ಮಾಡಿಟ್ಟ ಜಾಗಕ್ಕೆ ಲಿಂಕ್ ಕೊಟ್ಟಿದ್ದಾರೆ, ಅಷ್ಟೇ. ಅಂದ್ರೆ ಬರೆದವರು ಒಬ್ಬರು, ಕಟ್ಟಿದವರು ಇನ್ನೊಬ್ಬರು. ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಒಂದೇ ಪ್ರೊಸೆಸರ್, ಆದ್ರೂ ಯಾಕೆ ಓಡಲ್ಲ?

ಒಂದೇ ಲ್ಯಾಪ್‌ಟಾಪಲ್ಲಿ ವಿಂಡೋಸೂ ಹಾಕಬಹುದು, ಲಿನಕ್ಸೂ ಹಾಕಬಹುದು. ಇಂಟೆಲ್ ಪ್ರೊಸೆಸರ್ ಅದೇ. ಕೂಡೋದು ಕಳೆಯೋದು ಎರಡರಲ್ಲೂ ಒಂದೇ ಥರ. ಮತ್ಯಾಕೆ ಲಿನಕ್ಸಲ್ಲಿ ಮಾಡಿದ ಪ್ರೋಗ್ರಾಂ ವಿಂಡೋಸಲ್ಲಿ ಓಡಲ್ಲ? ಮೂರು ಕಾರಣ ಇದೆ.

ಮೊದಲನೇದು, ಲಕೋಟೆ ಬೇರೆ. ಲಿನಕ್ಸ್ ಪ್ರೋಗ್ರಾಮಿನ ಫೈಲ್ ಫಾರ್ಮ್ಯಾಟಿಗೆ ಇಎಲ್‌ಎಫ್ ಅಂತಾರೆ. ಫೈಲಿನ ಆರಂಭದಲ್ಲೇ ಆ ಮೂರು ಅಕ್ಷರ ಇರುತ್ತೆ. ವಿಂಡೋಸ್‌ನದ್ದು ಪಿಇ ಫಾರ್ಮ್ಯಾಟ್. ಅದು ಶುರುವಾಗೋದು ಎಂ ಮತ್ತು ಝಡ್ ಅನ್ನೋ ಎರಡು ಅಕ್ಷರದಿಂದ. ಡಾಸ್ ಕಾಲದಲ್ಲಿ ಈ ಫಾರ್ಮ್ಯಾಟ್ ರೂಪಿಸಿದ ಮೈಕ್ರೋಸಾಫ್ಟ್ ಇಂಜಿನಿಯರ್ ಮಾರ್ಕ್ ಝ್‌ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳು ಅವು. ಇವತ್ತಿಗೂ ಪ್ರತಿ ಇಎಕ್ಸ್‌ಇ ಫೈಲಿನ ತಲೆಯ ಮೇಲೆ ಅವರ ಇನಿಶಿಯಲ್ ಇದೆ.

ಎರಡನೇದು, ಸಹಾಯ ಕೇಳೋ ಜಾಗ ಬೇರೆ. ಫೈಲ್ ತೆರೆಯೋದು, ಸ್ಕ್ರೀನ್ ಮೇಲೆ ಬರೆಯೋದು, ಇಂಟರ್ನೆಟ್ ಮುಟ್ಟೋದು, ಇದ್ಯಾವುದನ್ನೂ ಪ್ರೋಗ್ರಾಂ ತಾನೇ ಮಾಡಲ್ಲ. ಆಪರೇಟಿಂಗ್ ಸಿಸ್ಟಂಗೆ ಕೇಳಿ ಮಾಡಿಸುತ್ತೆ. ಲಿನಕ್ಸಲ್ಲಿ ಈ ಕೆಲಸಕ್ಕೆ ಜಿಲಿಬ್‌ಸಿ ಅನ್ನೋ ಲೈಬ್ರರಿ ಇದ್ರೆ, ವಿಂಡೋಸಲ್ಲಿ ಕರ್ನಲ್32 ಥರದ ಡಿಎಲ್‌ಎಲ್ ಫೈಲ್‌ಗಳಿವೆ. ಕೌಂಟರೂ ಬೇರೆ, ತುಂಬಬೇಕಾದ ಫಾರಮ್ಮೂ ಬೇರೆ.

ಮೂರನೇದು, ಕೆಲವು ಒಳ ಒಪ್ಪಂದ ಬೇರೆ. ಒಂದು ಫಂಕ್ಷನ್ನಿಗೆ ಮಾಹಿತಿ ದಾಟಿಸುವಾಗ 64 ಬಿಟ್ ಲಿನಕ್ಸ್ ಮೊದಲ 6 ಪೂರ್ಣಾಂಕಗಳನ್ನ ಪ್ರೊಸೆಸರಿನ ರಿಜಿಸ್ಟರ್‌ಗಳಲ್ಲಿ ಇಡುತ್ತೆ. ವಿಂಡೋಸ್ ಮೊದಲ 4ನ್ನ ಮಾತ್ರ ಇಡುತ್ತೆ, ಅದೂ ಬೇರೆ ರಿಜಿಸ್ಟರ್‌ಗಳಲ್ಲಿ. ಒಬ್ಬರು ಬಲಗೈಲಿ ಕೊಟ್ಟಿದ್ದನ್ನ ಇನ್ನೊಬ್ಬರು ಎಡಗೈ ನೋಡ್ಕೊಂಡು ಹುಡುಕಿದ ಹಾಗೆ.

ಗಾರ್ಮೆಂಟ್ಸ್ ಫ್ಯಾಕ್ಟರಿ ಲೆಕ್ಕ

ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಅಮೆರಿಕ, ಯುರೋಪಿಗೆ ಹೋಗೋ ಚಳಿಗಾಲದ ಜಾಕೆಟ್ ಹೊಲಿತಾರೆ ಅಲ್ವಾ? ಹೊಲಿಯೋ ಅಕ್ಕಂದಿರು ಆ ದೇಶ ನೋಡಿರಲ್ಲ. ಆ ಜಾಕೆಟ್ ಅವರಿಗೆ ಸೈಜೂ ಆಗಲ್ಲ, ನಮ್ಮ ಬಿಸಿಲಿಗೆ ಬೇಕೂ ಆಗಲ್ಲ. ಆದ್ರೂ ಜಾಕೆಟ್ ಅಲ್ಲಿ ಸರಿಯಾಗಿ ಕೂರುತ್ತೆ. ಯಾಕಂದ್ರೆ ಅವರ ಹತ್ತಿರ ಮೂರು ವಸ್ತು ಇದೆ: ಆ ದೇಶದ ಅಳತೆ ಚಾರ್ಟ್, ಬಯ್ಯರ್ ಹೇಳಿದ ಜಿಪ್ಪು ಗುಂಡಿ, ಆ ಬಟ್ಟೆ ಹೊಲಿಯೋ ಮೆಷಿನ್.

ಕ್ರಾಸ್ ಕಂಪೈಲಿಗೂ ಬೇಕಾಗೋದು ಇವೇ ಮೂರು. ಅಳತೆ ಚಾರ್ಟ್ ಅಂದ್ರೆ ಹೆಡರ್ ಫೈಲ್‌ಗಳು. ವಿಂಡೋಸಲ್ಲಿ ಯಾವ ಫಂಕ್ಷನ್ ಇದೆ, ಅದಕ್ಕೆ ಏನೇನು ಕೊಡಬೇಕು ಅಂತ ಅದರಲ್ಲಿ ಬರೆದಿರುತ್ತೆ. ಜಿಪ್ಪು ಗುಂಡಿ ಅಂದ್ರೆ ವಿಂಡೋಸಿಗಾಗಿ ಕಂಪೈಲ್ ಆದ ಲೈಬ್ರರಿಗಳು. ಮೆಷಿನ್ ಅಂದ್ರೆ, ಲಿನಕ್ಸ್ ಮೇಲೆ ಓಡಿದ್ರೂ ಪಿಇ ಫಾರ್ಮ್ಯಾಟಲ್ಲಿ ಫೈಲ್ ಕೊಡೋ ಕಂಪೈಲರ್ ಮತ್ತು ಲಿಂಕರ್.

ಈ ಮೂರನ್ನೂ ಒಟ್ಟಿಗೆ ಕೊಡೋ ಟೂಲ್‌ಚೈನ್ ಹೆಸರು ಮಿನ್‌ಜಿಡಬ್ಲ್ಯೂ ಡಬ್ಲ್ಯೂ64. ಮೂಲ ಮಿನ್‌ಜಿಡಬ್ಲ್ಯೂ ಹುಟ್ಟಿದ್ದು 1998ರಲ್ಲಿ. 64 ಬಿಟ್ ವಿಂಡೋಸ್‌ಗೂ ಫೈಲ್ ಕಟ್ಟಬೇಕು ಅಂತ 2007ರಲ್ಲಿ ಅದು ಕವಲೊಡೆದು ಈಗಿನ ಪ್ರಾಜೆಕ್ಟ್ ಆಯ್ತು. ಉಬುಂಟು, ಡೆಬಿಯನ್‌ನಲ್ಲಿ ಒಂದೇ ಸಾಲಿನ ಆಪ್ಟ್ ಇನ್‌ಸ್ಟಾಲ್ ಕಮಾಂಡಿಂದ ಸಿಗುತ್ತೆ. ಇನ್‌ಸ್ಟಾಲ್ ಆದ್ಮೇಲೆ ಸಿಗೋ ಕಂಪೈಲರಿನ ಪೂರ್ತಿ ಹೆಸರು ಹೇಳ್ತೀನಿ, ಉಸಿರು ಹಿಡ್ಕೊಳ್ಳಿ: ಎಕ್ಸ್86 ಅಂಡರ್‌ಸ್ಕೋರ್ 64, ಹೈಫನ್, ಡಬ್ಲ್ಯೂ64, ಹೈಫನ್, ಮಿನ್‌ಜಿಡಬ್ಲ್ಯೂ32, ಹೈಫನ್, ಜಿಸಿಸಿ. ರೈಲಿನ ಹೆಸರಿಗಿಂತ ಉದ್ದ. ಆದ್ರೆ ಅದರಲ್ಲಿ ಅರ್ಥ ಇದೆ. ಮೊದಲ ಭಾಗ ಯಾವ ಪ್ರೊಸೆಸರ್‌ಗೆ ಅನ್ನೋದು, ಕೊನೇದು ಯಾವ ಟೂಲ್ ಅನ್ನೋದು, ಮಧ್ಯದ್ದು ಯಾವ ಸಿಸ್ಟಂಗೆ ಅನ್ನೋದು.

ಐದು ಸಾಲಿನ ಒಂದು ಸಿ ಪ್ರೋಗ್ರಾಂ ಬರೆದು ಈ ಕಂಪೈಲರಿಗೆ ಕೊಟ್ರೆ, ಕಣ್ಣು ಮಿಟುಕಿಸೋದ್ರೊಳಗೆ ಇಎಕ್ಸ್‌ಇ ಫೈಲ್ ಬರುತ್ತೆ. ಲಿನಕ್ಸಲ್ಲೇ ಅದನ್ನ ಪರೀಕ್ಷೆ ಮಾಡೋಕೆ ವೈನ್ ಅನ್ನೋ ಸಾಫ್ಟ್‌ವೇರ್ ಇದೆ. 1993ರಿಂದ ಬೆಳೀತಾ ಬಂದಿರೋ ಇದು ವಿಂಡೋಸ್ ಪ್ರೋಗ್ರಾಂ ಕೇಳೋ ಸಹಾಯವನ್ನ ಲಿನಕ್ಸಿನ ಭಾಷೆಗೆ ತಿರುಗಿಸಿ ಕೊಡುತ್ತೆ. ಇಷ್ಟಕ್ಕೆಲ್ಲ ಖರ್ಚು ಸೊನ್ನೆ. ವಿಂಡೋಸ್ ಲೈಸೆನ್ಸ್ ಬೇಡ, ಎರಡನೇ ಕಂಪ್ಯೂಟರ್ ಬೇಡ. ಕೈಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಬಿಟ್ಟು ಬೇರೇನೂ ಇಲ್ಲದ ವಿದ್ಯಾರ್ಥಿ ಕೂಡ ಕೋಟ್ಯಂತರ ವಿಂಡೋಸ್ ಬಳಕೆದಾರರಿಗೆ ಸಾಫ್ಟ್‌ವೇರ್ ತಲುಪಿಸಬಹುದು.

ಅಂದಹಾಗೆ, ಇದು ನಿಮ್ಮ ಫೋನಿಗೂ ಅನ್ವಯ ಆಗುತ್ತೆ. ಆಂಡ್ರಾಯ್ಡ್ ಗೇಮ್‌ಗಳಲ್ಲಿರೋ ಸಿ, ಸಿ ಪ್ಲಸ್ ಪ್ಲಸ್ ಭಾಗವನ್ನ ಯಾರೂ ಫೋನಿನ ಮೇಲೆ ಕೂತು ಕಂಪೈಲ್ ಮಾಡಲ್ಲ. ಡೆವಲಪರ್‌ಗಳ ಕಂಪ್ಯೂಟರಲ್ಲಿ ಕ್ರಾಸ್ ಕಂಪೈಲ್ ಆಗಿ ಫೋನಿನ ಆರ್ಮ್ ಪ್ರೊಸೆಸರಿಗೆ ಬರುತ್ತೆ.

ಬಿಲ್ ಟು, ಶಿಪ್ ಟು

ಐದು ಸಾಲಿನ ಪ್ರೋಗ್ರಾಂ ಸುಲಭ. ನಿಜವಾದ ಸಾಫ್ಟ್‌ವೇರಲ್ಲಿ ಸಾವಿರಾರು ಫೈಲ್ ಇರುತ್ತೆ. ಅವನ್ನ ಕಂಪೈಲ್ ಮಾಡೋ ಮುಂಚೆ ಕಾನ್ಫಿಗರ್ ಅನ್ನೋ ಒಂದು ಸ್ಕ್ರಿಪ್ಟ್ ಓಡಿಸಿ ಸಿಸ್ಟಮ್ಮಲ್ಲಿ ಏನಿದೆ, ಏನಿಲ್ಲ ಅಂತ ನೋಡ್ತಾರೆ. ಅಲ್ಲಿ ಬಿಲ್ಡ್, ಹೋಸ್ಟ್ ಅಂತ ಎರಡು ಪದ ಬರುತ್ತೆ, ತುಂಬಾ ಜನ ತಲೆ ಕೆಡಿಸ್ಕೊಳ್ಳೋದು ಅಲ್ಲೇ.

ಕಾಮರ್ಸ್ ಓದಿದವರಿಗೆ ಇದು ಸುಲಭ. ಜಿಎಸ್‌ಟಿ ಇನ್‌ವಾಯ್ಸಲ್ಲಿ ಬಿಲ್ ಟು ಒಂದು ವಿಳಾಸ, ಶಿಪ್ ಟು ಇನ್ನೊಂದು ವಿಳಾಸ ಇರುತ್ತಲ್ಲ, ಹಾಗೇನೇ. ಬಿಲ್ಡ್ ಅಂದ್ರೆ ಕೆಲಸ ನಡೆಯೋ ಕಂಪ್ಯೂಟರ್, ಇಲ್ಲಿ ಲಿನಕ್ಸ್. ಹೋಸ್ಟ್ ಅಂದ್ರೆ ಮಾಲು ಕೊನೆಗೆ ತಲುಪೋ ಕಂಪ್ಯೂಟರ್, ಇಲ್ಲಿ ವಿಂಡೋಸ್. ಎರಡೂ ವಿಳಾಸ ಒಂದೇ ಆಗಿದ್ರೆ ಮಾಮೂಲಿ ಕಂಪೈಲ್. ಬೇರೆ ಬೇರೆ ಆಗಿದ್ರೆ ಕ್ರಾಸ್ ಕಂಪೈಲ್.

ವಿಳಾಸ ಸರಿಯಾಗಿ ಬರೆದ್ರೂ ಎರಡು ಕಡೆ ಎಡವಬಹುದು. ಒಂದು, ಕಾನ್ಫಿಗರ್ ಸ್ಕ್ರಿಪ್ಟ್ ಕೆಲವೊಮ್ಮೆ ಚಿಕ್ಕ ಪ್ರೋಗ್ರಾಂ ಕಂಪೈಲ್ ಮಾಡಿ, ಓಡಿಸಿ ನೋಡಿ ಉತ್ತರ ತಿಳ್ಕೊಳ್ಳೋಕೆ ಹೋಗುತ್ತೆ. ವಿಂಡೋಸಿಗೆ ಕಂಪೈಲ್ ಆದದ್ದು ಲಿನಕ್ಸಲ್ಲಿ ಓಡಲ್ಲ. ಹಾಗಾಗಿ ಆ ಉತ್ತರಗಳನ್ನ ನಾವೇ ಮೊದಲೇ ಬರೆದು ಕೊಡಬೇಕು. ಎರಡು, ಲೈಬ್ರರಿ ಹುಡುಕುವಾಗ ಅದು ಲಿನಕ್ಸಿನ ಲೈಬ್ರರಿಯನ್ನೇ ಎತ್ಕೊಂಡು ಬರಬಹುದು. ಎಕ್ಸ್‌ಪೋರ್ಟ್ ಜಾಕೆಟ್ಟಿಗೆ ಪಕ್ಕದ ಟೇಬಲ್ ಮೇಲಿದ್ದ ಸ್ಕೂಲ್ ಯೂನಿಫಾರ್ಮ್ ಗುಂಡಿ ಹೊಲಿದ ಹಾಗಾಗುತ್ತೆ. ಇದನ್ನ ತಪ್ಪಿಸೋಕೆ ಫೆಡೋರಾ ಥರದ ಲಿನಕ್ಸ್ ವಿತರಣೆಗಳು ವಿಂಡೋಸಿಗೆ ಅಂತಲೇ ಕಂಪೈಲ್ ಮಾಡಿದ ಲೈಬ್ರರಿಗಳನ್ನ ಬೇರೆ ಪ್ಯಾಕೇಜ್ ಮಾಡಿ ಇಟ್ಟಿವೆ.

ಕಂಪೈಲ್ ಆಯ್ತು ಅಂದ್ರೆ ಕೆಲಸ ಮುಗೀತಾ?

ಇಲ್ಲ. ಎರರ್ ಇಲ್ಲದೆ ಕಂಪೈಲ್ ಆಗಿ, ಇನ್ನೊಬ್ಬರ ಮನೇಲಿ ಹೋಗಿ ಕೈಕೊಡೋ ಮೂರು ವಿಷಯ ಹೇಳ್ತೀನಿ.

ಮೊದಲನೇದು, ಲೆಕ್ಕ. ಸಿ ಭಾಷೆಯಲ್ಲಿ ಲಾಂಗ್ ಅನ್ನೋ ಒಂದು ಸಂಖ್ಯೆಯ ಬಗೆ ಇದೆ. 64 ಬಿಟ್ ಲಿನಕ್ಸಲ್ಲಿ ಅದರ ಅಗಲ 8 ಬೈಟ್. 64 ಬಿಟ್ ವಿಂಡೋಸಲ್ಲಿ ಬರೀ 4 ಬೈಟ್. 4 ಬೈಟಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ 2,14,74,83,647. ಈಗ ಒಬ್ಬರು ಅಂಗಡಿ ಲೆಕ್ಕದ ಸಾಫ್ಟ್‌ವೇರ್ ಬರೆದು, ಮೊತ್ತವನ್ನ ಪೈಸೆ ಲೆಕ್ಕದಲ್ಲಿ ಲಾಂಗ್‌ನಲ್ಲಿ ಇಟ್ಟಿದ್ದಾರೆ ಅಂದ್ಕೊಳ್ಳಿ. ಲಿನಕ್ಸಲ್ಲಿ ಏನೂ ತೊಂದರೆ ಇಲ್ಲ. ವಿಂಡೋಸಲ್ಲಿ ವಹಿವಾಟು 2 ಕೋಟಿ 14 ಲಕ್ಷದ 74 ಸಾವಿರದ 836 ರೂಪಾಯಿ 47 ಪೈಸೆವರೆಗೂ ಸರಿ. ಅದರ ಮೇಲೆ ಇನ್ನೊಂದು ಪೈಸೆ ಸೇರಿದ್ರೆ ಸಂಖ್ಯೆ ಮಗುಚಿ ಮೈನಸ್ ಆಗಿಬಿಡಬಹುದು. ವ್ಯಾಪಾರ ಚೆನ್ನಾಗಿ ನಡೀತಿರುವಾಗಲೇ ಪುಸ್ತಕದಲ್ಲಿ ಎರಡು ಕೋಟಿ ಸಾಲ! ಅದಕ್ಕೇ ಅನುಭವ ಇರೋರು ಲಾಂಗ್ ಬಿಟ್ಟು, ಎರಡೂ ಕಡೆ 64 ಬಿಟ್ ಇರೋದು ಖಚಿತವಾದ ಬಗೆಯನ್ನೇ ಹೆಸರು ಹೇಳಿ ಬಳಸ್ತಾರೆ.

ಎರಡನೇದು, ಕನ್ನಡ. ಇದು ನೇರ ನಮಗೇ ತಟ್ಟೋ ವಿಷಯ. ಲಿನಕ್ಸಲ್ಲಿ ಫೈಲಿನ ಹೆಸರು ಸಾಮಾನ್ಯವಾಗಿ ಯುಟಿಎಫ್-8 ರೂಪದಲ್ಲಿ ಇರುತ್ತೆ, ಕನ್ನಡ ಹೆಸರು ಇದ್ರೂ ಪ್ರೋಗ್ರಾಂ ಅದನ್ನ ಹಾಗೇ ಓದುತ್ತೆ. ವಿಂಡೋಸ್ ಒಳಗೆ ಬಳಸೋದು ಯುಟಿಎಫ್-16. ಹಳೇ ಶೈಲಿಯ ಸಿ ಪ್ರೋಗ್ರಾಂ ಹೆಸರು ಕೇಳಿದಾಗ ವಿಂಡೋಸ್ ಅದನ್ನ ಕೋಡ್ ಪೇಜ್ ಅನ್ನೋ ಹಳೇ ಪಟ್ಟಿಗೆ ಬದಲಾಯಿಸಿ ಕೊಡುತ್ತೆ. ರಷ್ಯನ್ನಿಗೆ, ಥಾಯ್‌ಗೆ, ಜಪಾನಿಗೆ ಆ ಹಳೇ ಪಟ್ಟಿಗಳಿವೆ. ಕನ್ನಡಕ್ಕೆ ಆ ಥರದ ಪಟ್ಟಿನೇ ಇಲ್ಲ. ನಮ್ಮ ಭಾಷೆ ವಿಂಡೋಸಿಗೆ ಬಂದಿದ್ದೇ ಯುನಿಕೋಡ್ ಮೂಲಕ. ಹಾಗಾಗಿ "ಅಜ್ಜಿ ಹೇಳಿದ ಕಥೆ" ಅಂತ ಹೆಸರಿಟ್ಟ ಆಡಿಯೊ ಫೈಲ್ ಪ್ರೋಗ್ರಾಮಿನ ಕೈಗೆ ಸಿಗುವಾಗ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿರುತ್ತೆ. ವಿಂಡೋಸಲ್ಲಿ ಫೈಲ್ ಹೆಸರಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡೋಕೇ ಬಿಡಲ್ಲ. ಅಂದ್ರೆ ಪ್ರೋಗ್ರಾಂ ಎಂದೂ ಇರೋಕೆ ಸಾಧ್ಯವಿಲ್ಲದ ಫೈಲನ್ನ ಹುಡುಕ್ತಾ ಕೂರುತ್ತೆ, ಆಮೇಲೆ "ಫೈಲ್ ಸಿಗಲಿಲ್ಲ" ಅನ್ನುತ್ತೆ.

ಪರಿಹಾರ ಇದೆ. ವಿಂಡೋಸಿನ ಅಗಲ ಅಕ್ಷರದ ಫಂಕ್ಷನ್‌ಗಳನ್ನ ಬಳಸಿ ಬರೆಯಬಹುದು, ಎಫ್‌ಎಫ್‌ಎಂಪೆಗ್ ಹಾಗೇ ಮಾಡುತ್ತೆ. ಇಲ್ಲಾಂದ್ರೆ, ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ, "ನನಗೆ ಯುಟಿಎಫ್-8 ಕೊಡಿ" ಅಂತ ಪ್ರೋಗ್ರಾಂ ತನ್ನ ಮ್ಯಾನಿಫೆಸ್ಟಲ್ಲೇ ಬರೆದುಕೊಳ್ಳಬಹುದು. ಆದ್ರೆ ಕನ್ನಡ ಹೆಸರಿನ ಫೈಲ್ ಇಟ್ಟು ಯಾರಾದ್ರೂ ಪರೀಕ್ಷೆ ಮಾಡಿದ್ರೆ ತಾನೇ ತೊಂದರೆ ಇರೋದು ಗೊತ್ತಾಗೋದು? ಓಪನ್ ಸೋರ್ಸ್‌ಗೆ ಕೊಡುಗೆ ಕೊಡಬೇಕು, ಎಲ್ಲಿಂದ ಶುರು ಮಾಡ್ಲಿ ಅಂತ ಕೇಳೋರಿಗೆ ನನ್ನ ಸಲಹೆ ಇದೇ. ನಿಮ್ಮಿಷ್ಟದ ಸಾಫ್ಟ್‌ವೇರಿಗೆ ಕನ್ನಡ ಹೆಸರಿನ ಫೈಲ್ ಕೊಟ್ಟು ನೋಡಿ, ಕೈಕೊಟ್ರೆ ವರದಿ ಮಾಡಿ. ಕೋಡಿಂಗ್ ಬರಲೇಬೇಕು ಅಂತೇನಿಲ್ಲ.

ಮೂರನೇದು, ಡಿಎಲ್‌ಎಲ್. ಹೊಸ ಇಎಕ್ಸ್‌ಇಯನ್ನ ಗೆಳೆಯರಿಗೆ ಕಳಿಸ್ತೀರಿ, ಅವರು ತೆರೆದ ತಕ್ಷಣ "ಈ ಡಿಎಲ್‌ಎಲ್ ಕಾಣ್ತಿಲ್ಲ" ಅಂತ ವಿಂಡೋಸ್ ಗೊಣಗುತ್ತೆ. ಜಿಸಿಸಿಯ ಜೊತೆಗೆ ಬರೋ ಕೆಲವು ಸಣ್ಣ ಲೈಬ್ರರಿಗಳು ಅವರ ಹತ್ತಿರ ಇರಲ್ಲ. ಆ ಡಿಎಲ್‌ಎಲ್‌ಗಳನ್ನೂ ಜೊತೆಗೇ ಕೊಡಬೇಕು, ಅಥವಾ ಸ್ಟ್ಯಾಟಿಕ್ ಲಿಂಕ್ ಮಾಡಿ ಎಲ್ಲವನ್ನೂ ಇಎಕ್ಸ್‌ಇ ಒಳಗೇ ಸೇರಿಸಬೇಕು. ಒಳಗೆ ಸೇರಿಸೋ ಮುಂಚೆ ಆ ಲೈಬ್ರರಿಯ ಲೈಸೆನ್ಸ್ ಏನು ಹೇಳುತ್ತೆ ಅಂತ ಓದಬೇಕು.

ಈ ಡಿಎಲ್‌ಎಲ್ ವಿಷಯಕ್ಕೆ ಇನ್ನೊಂದು ಮುಖ ಇದೆ. ಎಷ್ಟೋ ಡಿಎಲ್‌ಎಲ್‌ಗಳನ್ನ ವಿಂಡೋಸ್ ಇಎಕ್ಸ್‌ಇ ಪಕ್ಕದ ಫೋಲ್ಡರಲ್ಲೇ ಮೊದಲು ಹುಡುಕುತ್ತೆ. ಅಸಲಿ ಇಎಕ್ಸ್‌ಇ ಪಕ್ಕ ಯಾರಾದ್ರೂ ಅದೇ ಹೆಸರಿನ ಕೆಟ್ಟ ಡಿಎಲ್‌ಎಲ್ ಇಟ್ರೆ, ಅಸಲಿ ಪ್ರೋಗ್ರಾಂ ತಾನಾಗೇ ಅದನ್ನ ಒಳಗೆ ಕರ್ಕೊಳ್ಳುತ್ತೆ. 2022ರ ಏಪ್ರಿಲ್‌ನಲ್ಲಿ ಸಿಮ್ಯಾಂಟೆಕ್ ಸಂಸ್ಥೆ ಬಯಲು ಮಾಡಿದ ಒಂದು ದಾಳಿಯಲ್ಲಿ ಹ್ಯಾಕರ್‌ಗಳು ಹೀಗೆ ಬಳಸ್ಕೊಂಡಿದ್ದು ವಿಎಲ್‌ಸಿಯನ್ನೇ. ವಿಎಲ್‌ಸಿಯ ಇಎಕ್ಸ್‌ಇಯಲ್ಲಿ ಏನೂ ದೋಷ ಇರಲಿಲ್ಲ, ಪಕ್ಕದಲ್ಲಿಟ್ಟ ಫೈಲಲ್ಲಿ ಇತ್ತು.

ಅಧಿಕೃತ ಬಾಗಿಲು ಮುಚ್ಚಿದಾಗ

ಈಗ ನಂಬಿಕೆಯ ವಿಷಯಕ್ಕೆ ಬರೋಣ. ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು: "ಅಕ್ಕಾ, ಓಪನ್ ಸೋರ್ಸ್ ಅಂದ್ಮೇಲೆ ಕಣ್ಣು ಮುಚ್ಚಿ ನಂಬಬಹುದು ಅಲ್ವಾ?"

2022ರಲ್ಲಿ ಭಾರತದಲ್ಲಿ ಹಲವು ತಿಂಗಳು ವಿಡಿಯೊಲ್ಯಾನ್‌ನ ಅಧಿಕೃತ ವೆಬ್‌ಸೈಟ್ ಬ್ಲಾಕ್ ಆಗಿತ್ತು. ಅಕ್ಟೋಬರ್‌ನಲ್ಲಿ ಆ ಸಂಸ್ಥೆ ಸರ್ಕಾರಕ್ಕೆ ಲೀಗಲ್ ನೋಟಿಸ್ ಕಳಿಸ್ತು, ನವೆಂಬರ್‌ನಲ್ಲಿ ನಿರ್ಬಂಧ ತೆರವಾಯ್ತು. ಆ ತಿಂಗಳುಗಳಲ್ಲಿ ವಿಎಲ್‌ಸಿ ಬೇಕಾದವರು ಏನು ಮಾಡಬೇಕು? ಹುಡುಕಿದಾಗ ಸಿಕ್ಕ ಇನ್ಯಾವುದೋ ಸೈಟಿಂದ ಇಳಿಸ್ಕೋಬೇಕು. ಸೋರ್ಸ್ ಕೋಡ್ ಪೂರ್ತಿ ತೆರೆದೇ ಇತ್ತು. ಆದ್ರೆ ಆ ಬೇರೆ ಸೈಟಲ್ಲಿರೋ ಇಎಕ್ಸ್‌ಇ ಅದೇ ಸೋರ್ಸಿಂದ ಬಂದಿದ್ದು ಅಂತ ಹೇಳೋರು ಯಾರು?

ಇದು ಬರೀ ಅನುಮಾನ ಅಲ್ಲ, ಬೇರೆ ಕಡೆ ನಿಜವಾಗಿ ನಡೆದಿದೆ. 2015ರಲ್ಲಿ ಚೀನಾದಲ್ಲಿ ಆಪಲ್‌ನ ಎಕ್ಸ್‌ಕೋಡ್ ಅನ್ನೋ ಟೂಲ್ ಅಧಿಕೃತ ಜಾಗದಿಂದ ತುಂಬಾ ನಿಧಾನವಾಗಿ ಡೌನ್‌ಲೋಡ್ ಆಗ್ತಿತ್ತು. ಡೆವಲಪರ್‌ಗಳು ಫೈಲ್ ಶೇರಿಂಗ್ ಸೈಟಿಂದ ಅದರ ಪ್ರತಿ ಇಳಿಸ್ಕೊಂಡ್ರು. ಆ ಪ್ರತಿಯನ್ನ ಮೊದಲೇ ತಿದ್ದಿದ್ರು. ಅದರಲ್ಲಿ ಕಂಪೈಲ್ ಆದ ಆ್ಯಪ್‌ಗಳಲ್ಲಿ ಡೆವಲಪರಿಗೇ ಗೊತ್ತಿಲ್ಲದೆ ಕೆಟ್ಟ ಕೋಡ್ ಸೇರ್ಕೊಳ್ತು. ವೀಚಾಟ್‌ನ ಒಂದು ಆವೃತ್ತಿ ಕೂಡ ಸಿಕ್ಕಿಹಾಕ್ಕೊಂಡಿತ್ತು. ಅವರ ಸೋರ್ಸ್ ಕೋಡ್ ಸಾಲು ಸಾಲು ಓದಿದ್ರೂ ಆ ತಪ್ಪು ಸಿಗ್ತಿರಲಿಲ್ಲ, ಯಾಕಂದ್ರೆ ವಿಷ ಬೆರೆತಿದ್ದು ಕಟ್ಟೋ ಹಂತದಲ್ಲಿ. ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲೇ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಈ ಅಪಾಯದ ಬಗ್ಗೆ ಹೇಳಿದ್ರು. ಕಂಪೈಲರೇ ಮೋಸ ಮಾಡಿದ್ರೆ ಸೋರ್ಸ್ ಓದಿ ಪ್ರಯೋಜನ ಇಲ್ಲ ಅಂತ.

ಒಬ್ಬರೇ ಕ್ಯಾಷಿಯರ್, ಅವರೇ ಆಡಿಟರ್?

ನಮಗೆ ಕಾಲೇಜಲ್ಲಿ ಆಡಿಟಿಂಗ್ ಹೇಳಿಕೊಡುವಾಗ ಮೊದಲು ಬರೋ ಪಾಠ: ದುಡ್ಡು ಮುಟ್ಟೋರೂ ಲೆಕ್ಕ ಬರೆಯೋರೂ ಒಬ್ಬರೇ ಆಗಿರಬಾರದು. ಸಾಫ್ಟ್‌ವೇರಲ್ಲೂ ಇದೇ ನಿಯಮ ಬೇಕು. ಒಬ್ಬರು ಕಟ್ಟಿದ ಇಎಕ್ಸ್‌ಇಯನ್ನ ಇನ್ನೊಬ್ಬರು, ಮತ್ತೊಬ್ಬರು ತಮ್ಮ ತಮ್ಮ ಕಂಪ್ಯೂಟರಲ್ಲಿ ಅದೇ ಸೋರ್ಸಿಂದ ಕಟ್ಟಿ ನೋಡಬೇಕು. ಎಲ್ಲರದೂ ಬೈಟಿಗೆ ಬೈಟು ಒಂದೇ ಬಂದ್ರೆ ಮಧ್ಯದಲ್ಲಿ ಯಾರೂ ಕೈ ಆಡಿಸಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಇದಕ್ಕೆ ರಿಪ್ರೊಡ್ಯೂಸಿಬಲ್ ಬಿಲ್ಡ್ ಅಂತಾರೆ.

ಕೇಳೋಕೆ ಸುಲಭ, ಮಾಡೋಕೆ ಕಷ್ಟ. ಉದಾಹರಣೆಗೆ, ಪಿಇ ಫೈಲಿನ ಒಳಗೆ ಅದು ಕಟ್ಟಿದ ಸಮಯ ಬರೆಯೋಕೆ ಒಂದು ಜಾಗ ಇದೆ. ಒಂದೇ ಕೋಡನ್ನ ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟಿದ್ರೂ ಆ ಜಾಗದಲ್ಲಿ ಬೇರೆ ಸಂಖ್ಯೆ ಬಂದು ಫೈಲ್ ಬೇರೆ ಆಗಿಬಿಡುತ್ತೆ. ಅದಕ್ಕೆ ಸಮಯವನ್ನ ಸ್ಥಿರವಾಗಿ ಇಡಬೇಕು, ಕಂಪೈಲರಿನ ಆವೃತ್ತಿ ಒಂದೇ ಇರಬೇಕು, ಲೈಬ್ರರಿಗಳೂ ಒಂದೇ ಇರಬೇಕು.

ಕ್ರಾಸ್ ಕಂಪೈಲಿನ ನಿಜವಾದ ಬೆಲೆ ಗೊತ್ತಾಗೋದು ಇಲ್ಲೇ. ಲಿನಕ್ಸಿನ ಟೂಲ್‌ಚೈನ್ ಪೂರ್ತಿ ಓಪನ್ ಸೋರ್ಸ್, ಉಚಿತ. ಹುಬ್ಬಳ್ಳಿಯಲ್ಲಿ ಕೂತವರೂ ಬರ್ಲಿನ್‌ನಲ್ಲಿ ಕೂತವರೂ ಅದೇ ಆವೃತ್ತಿ ಇಳಿಸಿ, ಅದೇ ವಿಂಡೋಸ್ ಫೈಲನ್ನ ಕಟ್ಟಿ ಹೋಲಿಸಬಹುದು. ಅನುಮತಿ ಕೇಳಬೇಕಾಗಿಲ್ಲ, ಲೈಸೆನ್ಸ್ ಕೊಳ್ಳಬೇಕಾಗಿಲ್ಲ. ಟಾರ್ ಬ್ರೌಸರ್ ತಂಡ 2013ರಿಂದ ಹೀಗೆ ಮಾಡ್ತಿದೆ. ಅವರ ವಿಂಡೋಸ್ ಆವೃತ್ತಿ ಕಟ್ಟೋದು ಲಿನಕ್ಸ್ ಮೇಲೇನೇ. ಬಿಟ್‌ಕಾಯಿನ್ ಕೋರ್ ಸಾಫ್ಟ್‌ವೇರಿನದ್ದೂ ಇದೇ ಪದ್ಧತಿ. ಬಿಟ್‌ಕಾಯಿನ್ ಕೊಳ್ಳಿ ಅಂತ ಹೇಳ್ತಿಲ್ಲ ಮತ್ತೆ! ಹಲವು ಸ್ವಯಂಸೇವಕರು ಬೇರೆ ಬೇರೆ ಕಡೆ ವಿಂಡೋಸ್ ಫೈಲ್ ಕಟ್ಟಿ, ತಮಗೆ ಬಂದ ಹ್ಯಾಶ್‌ಗೆ ಡಿಜಿಟಲ್ ಸಹಿ ಹಾಕಿ ಪ್ರಕಟಿಸ್ತಾರೆ. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು ಅಂದ್ಕೊಳ್ಳಿ. ಎಲ್ಲರ ಬೆರಳಚ್ಚೂ ಒಂದೇ ಆಗಿದ್ರೆ ಫೈಲ್ ಪಾಸ್.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಲ್ಲಿ ಗಾದೆ ಇದೆ. ಆ ಪ್ರಮಾಣಿಸಿ ನೋಡೋ ಅವಕಾಶ ಯಾರಿಗೆ ಬೇಕಾದ್ರೂ ಸಿಗೋ ಹಾಗೆ ಮಾಡೋದೇ ಇದರ ದೊಡ್ಡ ಉಪಯೋಗ.

ನಾವು ಏನು ಮಾಡಬಹುದು?

ಎಲ್ಲರೂ ಕೂತು ಕಂಪೈಲ್ ಮಾಡೋಕಾಗಲ್ಲ, ಮಾಡಲೂ ಬೇಕಿಲ್ಲ. ಆದ್ರೆ ನಾಲ್ಕು ಅಭ್ಯಾಸ ಇಟ್ಕೊಳ್ಳಬಹುದು.

ಒಂದು, ಹುಡುಕಾಟದಲ್ಲಿ ಮೊದಲು ಬಂದ ಲಿಂಕ್ ಒತ್ತೋ ಬದಲು ಪ್ರಾಜೆಕ್ಟಿನ ಅಧಿಕೃತ ಪುಟಕ್ಕೆ ಹೋಗಿ. ಅವರು ಬೇರೆಯವರ ಬಿಲ್ಡಿಗೆ ಲಿಂಕ್ ಕೊಟ್ಟಿದ್ರೆ ಆ ಲಿಂಕಿಂದಲೇ ಹೋಗಿ.

ಎರಡು, ಹ್ಯಾಶ್ ಹೋಲಿಸಿ. ವಿಂಡೋಸಿನ ಪವರ್‌ಶೆಲ್ ತೆರೆದು ಗೆಟ್ ಹೈಫನ್ ಫೈಲ್‌ಹ್ಯಾಶ್ ಅಂತ ಟೈಪ್ ಮಾಡಿ ಫೈಲಿನ ಹೆಸರು ಕೊಟ್ರೆ 64 ಅಕ್ಷರದ ಒಂದು ಸಾಲು ಬರುತ್ತೆ. ಪ್ರಾಜೆಕ್ಟ್ ಪುಟದಲ್ಲಿ ಪ್ರಕಟಿಸಿದ ಎಸ್‌ಎಚ್‌ಎ-256 ಸಾಲಿಗೆ ಅದು ಪೂರ್ತಿ ಹೊಂದಬೇಕು. ಒಂದು ಎಚ್ಚರ: ಫೈಲೂ ಹ್ಯಾಶೂ ಎರಡೂ ಒಂದೇ ಸೈಟಲ್ಲಿದ್ದು, ಆ ಸೈಟೇ ಹ್ಯಾಕ್ ಆಗಿದ್ರೆ ಎರಡನ್ನೂ ಬದಲಾಯಿಸಿರ್ತಾರೆ. ಅದಕ್ಕೇ ಡಿಜಿಟಲ್ ಸಹಿ ಮತ್ತು ಬೇರೆಯವರ ಸಾಕ್ಷಿಗೆ ಬೆಲೆ.

ಮೂರು, ವಿಂಡೋಸ್ "ನಿಮ್ಮ ಪಿಸಿಯನ್ನ ರಕ್ಷಿಸಿದ್ದೇವೆ" ಅಂತ ನೀಲಿ ಬಾಕ್ಸ್ ತೋರಿಸಿದ್ರೆ ಗಾಬರಿ ಬೇಡ, ಅಸಡ್ಡೆಯೂ ಬೇಡ. ಸಹಿಗೆ ಬೇಕಾದ ಸರ್ಟಿಫಿಕೇಟ್ ದುಡ್ಡು ಕೊಟ್ಟು ತಗೋಬೇಕು, ಎಷ್ಟೋ ಸಣ್ಣ ಪ್ರಾಜೆಕ್ಟ್‌ಗಳಿಗೆ ಅದು ಭಾರ. ಹಾಗಾಗಿ ಒಳ್ಳೇ ಫೈಲಿಗೂ ಆ ಬಾಕ್ಸ್ ಬರಬಹುದು, ಕೆಟ್ಟದ್ದಕ್ಕೂ ಬರಬಹುದು. ಅಲ್ಲಿ ನಿಂತು ಮೊದಲಿನ ಎರಡು ಹೆಜ್ಜೆ ಹಾಕಿ, ಆಮೇಲೆ ಮುಂದುವರೀರಿ.

ನಾಲ್ಕು, ಇದು ಸ್ವಲ್ಪ ಕುತೂಹಲ ಇರೋರಿಗೆ. ಜಿಪಿಎಲ್ ಲೈಸೆನ್ಸಿನ ಸಾಫ್ಟ್‌ವೇರಿನ ಇಎಕ್ಸ್‌ಇ ಹಂಚೋರು ಸೋರ್ಸ್ ಕೋಡಿನ ಜೊತೆಗೆ ಅದನ್ನ ಕಂಪೈಲ್ ಮಾಡೋ ಸ್ಕ್ರಿಪ್ಟನ್ನೂ ಕೊಡಬೇಕು. ಕೇಳೋದು ನಿಮ್ಮ ಹಕ್ಕು. ಕಾಲೇಜ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿದ್ರೆ, ನೀವು ದಿನಾ ಬಳಸೋ ಒಂದು ಪುಟ್ಟ ಓಪನ್ ಸೋರ್ಸ್ ಟೂಲ್ ತಗೊಂಡು ಲಿನಕ್ಸಲ್ಲಿ ವಿಂಡೋಸಿಗೆ ಕಂಪೈಲ್ ಮಾಡಿ, ಅವರು ಕೊಟ್ಟ ಫೈಲಿಗೂ ನಿಮ್ಮದಕ್ಕೂ ಏನು ವ್ಯತ್ಯಾಸ ಅಂತ ಬರೆಯಿರಿ. ಬೇರೆ ಬಂತು ಅಂದ ಮಾತ್ರಕ್ಕೆ ಮೋಸ ಅಂತಲ್ಲ, ಸಮಯದ ಮುದ್ರೆಯಂಥ ಸಣ್ಣ ಕಾರಣವೂ ಇರಬಹುದು. ಆ ಕಾರಣ ಹುಡುಕೋದೇ ಒಳ್ಳೇ ಪ್ರಾಜೆಕ್ಟ್.

ಹಾಗಾದ್ರೆ ಓಪನ್ ಸೋರ್ಸನ್ನ ಕಣ್ಣು ಮುಚ್ಚಿ ನಂಬಬಹುದಾ? ಬೇಡ. ಕಣ್ಣು ತೆರೆದು ನೋಡೋಕೆ ಅದು ಅವಕಾಶ ಕೊಡುತ್ತೆ, ಅದನ್ನ ಬಳಸ್ಕೊಳ್ಳಿ.

ಕನ್ನಡ ಹೆಸರಿನ ಫೈಲ್ ತೆರೆಯೋಕೆ ಒದ್ದಾಡೋ ಸಾಫ್ಟ್‌ವೇರ್ ಯಾವುದಾದ್ರೂ ನಿಮ್ಮ ಕಣ್ಣಿಗೆ ಬಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಂಥ ಒಂದೆರಡನ್ನ ತಗೊಂಡು, ಡೆವಲಪರ್‌ಗಳಿಗೆ ಅರ್ಥ ಆಗೋ ಹಾಗೆ ಬಗ್ ರಿಪೋರ್ಟ್ ಬರೆಯೋದು ಹೇಗೆ ಅಂತ ನೋಡೋಣ. ಅಲ್ಲಿವರೆಗೂ ಡಬಲ್ ಕ್ಲಿಕ್ ಮಾಡೋ ಮುಂಚೆ ಒಂದು ಕ್ಷಣ ಯೋಚನೆ ಮಾಡಿ.